ಹಸಿರು ಕಾರಿನ ಲೆಕ್ಕದಲ್ಲಿ ಶರಾವತಿ ಎಲ್ಲಿದೆ?

2025ರ ಮಳೆಗಾಲ ಮುಗಿಯುವ ಹೊತ್ತಿಗೆ ಶಿವಮೊಗ್ಗದಲ್ಲಿ ಕಾರು ಕೊಳ್ಳಲು ಹೊರಟವರ ತಲೆ ಕೆಡಿಸುವಷ್ಟು ಸುದ್ದಿಗಳು ಒಟ್ಟಿಗೆ ಬಂದವು. ಕಬ್ಬು, ಮೆಕ್ಕೆಜೋಳದಂಥ ಬೆಳೆಯಿಂದ ತೆಗೆಯುವ ಎಥನಾಲನ್ನು ಶೇ 20ರಷ್ಟು ಬೆರೆಸಿದ ಪೆಟ್ರೋಲ್‌ನಿಂದ ಮೈಲೇಜ್ ಬೀಳುತ್ತಿದೆ ಎಂಬ ದೂರು ಆಗಸ್ಟ್‌ನಲ್ಲಿ ದೇಶದಾದ್ಯಂತ ಎದ್ದಿತು. ಅದರ ವಿರುದ್ಧದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ, ವಿದ್ಯುತ್ ಕಾರಿಗೆ ಶೇ 5, ಪೆಟ್ರೋಲ್ ಎಂಜಿನ್ ಜೊತೆ ಚಿಕ್ಕ ಬ್ಯಾಟರಿ, ಮೋಟಾರೂ ಇರುವ ದೊಡ್ಡ ಹೈಬ್ರಿಡ್ ಕಾರಿಗೆ ಶೇ 40 ಎಂದಾಯಿತು. ಅದೇ ತಿಂಗಳು, ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿಟ್ಟು ಬೇಕಾದಾಗ ವಿದ್ಯುತ್ ತೆಗೆಯುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಅಹವಾಲು ಸಭೆಗಳಲ್ಲಿ ಸಾಗರ ಮತ್ತು ಹೊನ್ನಾವರ ತಾಲ್ಲೂಕಿನ ಜನ ಎದ್ದು ನಿಂತು ಬೇಡ ಎಂದರು. ನವೆಂಬರ್‌ನಲ್ಲಿ ಮೆಕ್ಕೆಜೋಳದ ಬೆಲೆ ಕುಸಿದು ರೈತರು ರಸ್ತೆಗಿಳಿದರು.

ಪತ್ರಿಕೆಗಳಲ್ಲಿ ಇವು ಬೇರೆ ಬೇರೆ ಪುಟಗಳಲ್ಲಿ ಬಂದವು. ಒಂದು ವಾಹನದ ಪುಟ, ಒಂದು ವಾಣಿಜ್ಯ, ಒಂದು ಜಿಲ್ಲಾ ಸುದ್ದಿ. ಆದರೆ ಹಿಂದಿರುವ ಪ್ರಶ್ನೆ ಒಂದೇ. ಕಾರು ಕಂಪನಿಗಳು ತಮ್ಮ ವಾಹನ ಪರಿಸರಸ್ನೇಹಿ ಎನ್ನುವಾಗ ಲೆಕ್ಕದ ಬೇಲಿಯನ್ನು ಎಲ್ಲಿ ಹಾಕಿಕೊಂಡಿರುತ್ತವೆ? ಕಾರ್ಖಾನೆಯ ಗೇಟಿನಲ್ಲೋ, ಕಾರಿನ ಹೊಗೆ ಕೊಳವೆಯಲ್ಲೋ, ಅಥವಾ ಆ ಕಾರಿಗೆ ಇಂಧನ, ವಿದ್ಯುತ್, ಕಬ್ಬಿಣ ಒದಗಿಸುವ ಹೊಲ, ನದಿ, ಗಣಿಯವರೆಗೋ? ಮಲೆನಾಡಿನ ಮಟ್ಟಿಗೆ ಉತ್ತರ ಈ ಮೂರನೆಯ ಬೇಲಿಯಲ್ಲಿದೆ. ಜಾಹೀರಾತುಗಳು ಸಾಮಾನ್ಯವಾಗಿ ಎರಡನೆಯದರಲ್ಲೇ ನಿಲ್ಲುತ್ತವೆ.

ಬಿಡದಿಯ ವಾದ

ಕರ್ನಾಟಕದಲ್ಲಿ ಈ ಚರ್ಚೆಯನ್ನು ಟೊಯೊಟಾ ಇಲ್ಲದೆ ಆರಂಭಿಸಲಾಗದು. ಟೊಯೊಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1997ರಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಟೊಯೊಟಾ ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಇಂದು ಬೆಂಗಳೂರು ಬಳಿ ಬಿಡದಿಯಲ್ಲಿರುವ ಕಂಪನಿಯ ಕಾರ್ಖಾನೆಯಲ್ಲಿ ಇನ್ನೋವಾ ಹೈಕ್ರಾಸ್, ಹೈರೈಡರ್ ಹೈಬ್ರಿಡ್‌ಗಳು ತಯಾರಾಗುತ್ತವೆ; ಮಾರುತಿ ಹೆಸರಿನಲ್ಲಿ ಮಾರಾಟವಾಗುವ ಗ್ರ್ಯಾಂಡ್ ವಿಟಾರ ಕೂಡ ಅಲ್ಲಿಂದಲೇ ಹೊರಡುತ್ತದೆ. 2023ರ ನವೆಂಬರ್‌ನಲ್ಲಿ ಅಲ್ಲಿಯೇ 3,300 ಕೋಟಿ ರೂಪಾಯಿಯ ಮೂರನೇ ಘಟಕವನ್ನು ಕಂಪನಿ ಘೋಷಿಸಿತು.

2015ರ ಅಕ್ಟೋಬರ್‌ನಲ್ಲಿ ಟೊಯೊಟಾ 2050ಕ್ಕೆ ಆರು ಪರಿಸರ ಗುರಿಗಳನ್ನು ಹಾಕಿಕೊಂಡಿತು. ಹೊಸ ಕಾರುಗಳ ಇಂಗಾಲದ ಹೊಗೆಯನ್ನು 2010ರ ಮಟ್ಟಕ್ಕಿಂತ ಶೇ 90ರಷ್ಟು ತಗ್ಗಿಸುವುದು, ಕಾರ್ಖಾನೆಗಳನ್ನು ಇಂಗಾಲಮುಕ್ತ ಮಾಡುವುದು, ನೀರಿನ ಬಳಕೆ ಇಳಿಸುವುದು ಅವುಗಳಲ್ಲಿ ಸೇರಿವೆ. ಕಾರ್ಖಾನೆಗಳ ಗಡುವನ್ನು 2021ರಲ್ಲಿ 2035ಕ್ಕೆ ಎಳೆದುಕೊಂಡಿತು. ಬಿಡದಿಯಲ್ಲಿ ಗ್ರಿಡ್‌ನಿಂದ, ಅಂದರೆ ಸಾರ್ವಜನಿಕ ವಿದ್ಯುತ್ ಜಾಲದಿಂದ, ಪಡೆಯುವ ವಿದ್ಯುತ್ ಪೂರ್ತಿ ನವೀಕರಿಸಬಹುದಾದ ಮೂಲದ್ದು ಎಂದು ಕಂಪನಿ ಹೇಳಿಕೊಳ್ಳುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಒಂದು ಮಾತು ನೆನಪಿರಲಿ: ಪೆಟ್ರೋಲ್ ಕಾರು ತನ್ನ ಜೀವಮಾನದಲ್ಲಿ ಉಂಟುಮಾಡುವ ಇಂಗಾಲದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರುವುದು ರಸ್ತೆಯ ಮೇಲೆ ಓಡುವಾಗ. ಜೋಡಣಾ ಘಟಕದ ಚಾವಣಿಯ ಮೇಲಿನ ಸೌರಫಲಕ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಲೆಕ್ಕದಲ್ಲಿ ಅದರ ಪಾಲು ಚಿಕ್ಕದು.

ಹಾಗಾಗಿ ನಿಜವಾದ ಜಗಳ ವಾಹನದ ಬಗೆಯ ಮೇಲೆ. ಟೊಯೊಟಾದ ನಿಲುವು 'ಹಲವು ದಾರಿ'ಗಳದ್ದು: ಹೈಬ್ರಿಡ್, ಎಥನಾಲ್, ಹೈಡ್ರೋಜನ್, ಬ್ಯಾಟರಿ ಎಲ್ಲವೂ ಇರಲಿ. ಇದಕ್ಕೆ ಅದು ಕೊಡುವ ಪ್ರಮುಖ ತರ್ಕ ಖನಿಜದ ಕೊರತೆ. ದೂರ ಓಡುವ ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ ಬೇಕಾದ ಖನಿಜದಲ್ಲಿ 90 ಹೈಬ್ರಿಡ್ ಕಾರುಗಳನ್ನು ಮಾಡಬಹುದು. ಆ 90 ಕಾರುಗಳು ಉಳಿಸುವ ಇಂಗಾಲ ಆ ಒಂದು ಕಾರು ಉಳಿಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎನ್ನುತ್ತದೆ ಕಂಪನಿ. ವಿದ್ಯುತ್ ಕಾರುಗಳ ಮಾರುಕಟ್ಟೆ ಪಾಲು ಶೇ 30 ದಾಟಲಾರದು ಎಂದು ಅಧ್ಯಕ್ಷ ಅಕಿಯೊ ಟೊಯೊಡಾ 2024ರ ಜನವರಿಯಲ್ಲಿ ಹೇಳಿದ್ದರು.

ಎದುರಾಳಿಗಳ ಮಾತು

ಪರಿಸರ ಸಂಘಟನೆಗಳು ಇದನ್ನು ಒಪ್ಪುವುದಿಲ್ಲ. ಗ್ರೀನ್‌ಪೀಸ್ ತನ್ನ 2022ರ ಪಟ್ಟಿಯಲ್ಲಿ ದೊಡ್ಡ ಕಾರು ಕಂಪನಿಗಳ ಪೈಕಿ ಟೊಯೊಟಾವನ್ನು ತಳದಲ್ಲಿ ಇರಿಸಿತು. ಹೈಬ್ರಿಡ್ ಎಷ್ಟೇ ಮಿತವ್ಯಯಿಯಾದರೂ ಅದರ ಏಕೈಕ ಆಹಾರ ಪೆಟ್ರೋಲ್ ತಾನೆ ಎಂಬುದು ಅವರ ಪ್ರಶ್ನೆ. ಖನಿಜದ ತರ್ಕದಲ್ಲೂ ಒಂದು ಬಿರುಕಿದೆ. ಬ್ಯಾಟರಿಯ ಲೋಹವನ್ನು ಮರಳಿ ತೆಗೆದು ಬಳಸಬಹುದು, ಉರಿದ ಪೆಟ್ರೋಲನ್ನು ಮರಳಿ ತರಲಾಗದು.

ಭಾರತದಲ್ಲಿ ಟಾಟಾ, ಮಹೀಂದ್ರಾ ಕಂಪನಿಗಳದ್ದೂ ವಿರೋಧವೇ. ಅವುಗಳ ಕಾರಣದಲ್ಲಿ ಪರಿಸರದಷ್ಟೇ ವ್ಯಾಪಾರವೂ ಇದೆ. ವಿದ್ಯುತ್ ಕಾರಿನ ಮೇಲೆ ಹಣ ಹೂಡಿದವರಿಗೆ ಹೈಬ್ರಿಡ್‌ಗೆ ರಿಯಾಯಿತಿ ಸಿಕ್ಕರೆ ನಷ್ಟ. 2024ರ ಜುಲೈಯಲ್ಲಿ ಉತ್ತರ ಪ್ರದೇಶ ಸರ್ಕಾರ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆ ಮನ್ನಾ ಮಾಡಿದಾಗ ಟೊಯೊಟಾ, ಮಾರುತಿ, ಹೋಂಡಾ ಖುಷಿಪಟ್ಟವು, ಉಳಿದವರು ಸಿಡುಕಿದರು. ಕರ್ನಾಟಕ 2016ರಲ್ಲಿ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆ ವಿನಾಯಿತಿ ಕೊಟ್ಟು, 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಕಾರುಗಳಿಗೆ ಶೇ 10 ತೆರಿಗೆ ಹಾಕಿತು. ಹೈಬ್ರಿಡ್‌ಗಳು ಇಲ್ಲಿ ಮಾಮೂಲಿ ಪೆಟ್ರೋಲ್ ಕಾರಿನ ಸಾಲಿನಲ್ಲೇ ನಿಂತವು; 20 ಲಕ್ಷ ದಾಟಿದರೆ ಶೇ 18. ರಾಜ್ಯದೊಳಗೇ ತಯಾರಾಗುವ ಕಾರಿಗೆ ರಾಜ್ಯದಲ್ಲಿ ರಿಯಾಯಿತಿ ಇಲ್ಲ, ಲಖನೌದಲ್ಲಿ ಇತ್ತು ಎಂಬುದು ಈ ನೀತಿಗಳ ವಿಚಿತ್ರ.

ಮುಂದಿನ ಹಗ್ಗಜಗ್ಗಾಟ 2027ರ ಏಪ್ರಿಲ್‌ನಿಂದ ಬರಬೇಕಿರುವ ಇಂಧನ ದಕ್ಷತೆಯ ಹೊಸ ನಿಯಮದ್ದು. ಕಂಪನಿಯೊಂದು ಮಾರುವ ಎಲ್ಲ ಕಾರುಗಳ ಸರಾಸರಿ ಹೊಗೆಗೆ ಮಿತಿ ಹಾಕುವ ನಿಯಮ ಇದು. 2025ರ ಸೆಪ್ಟೆಂಬರ್‌ನ ಕರಡು ಒಂದು ವಿದ್ಯುತ್ ಕಾರನ್ನು ಮೂರು ಎಂದೂ, ಒಂದು ಹೈಬ್ರಿಡ್ ಕಾರನ್ನು ಎರಡು ಎಂದೂ ಎಣಿಸಲು ಅವಕಾಶ ಕೊಡುತ್ತದೆ. ಹೀಗೆ ಎಣಿಸಿದರೆ ಸರಾಸರಿ ಕಾಗದದ ಮೇಲೆ ಇಳಿಯುತ್ತದೆ, ಗಾಳಿಯಲ್ಲಿ ಅಷ್ಟು ಇಳಿಯುವುದಿಲ್ಲ.

ಕಿಲೋಮೀಟರಿಗೆ ಎಷ್ಟು ಗ್ರಾಂ?

ವಾದಗಳನ್ನು ಬದಿಗಿಟ್ಟು ಗುಣಾಕಾರ ಮಾಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿಗೆ 15 ಕಿ.ಮೀ. ಓಡುವ ಕಾರು ಕಿಲೋಮೀಟರಿಗೆ 153 ಗ್ರಾಂ ಬಿಡುತ್ತದೆ. ಅದೇ ಗಾತ್ರದ ಹೈಬ್ರಿಡ್ 20 ಕಿ.ಮೀ. ಕೊಟ್ಟರೆ 115 ಗ್ರಾಂ. ವಿದ್ಯುತ್ ಕಾರು 100 ಕಿ.ಮೀ.ಗೆ 15 ಯೂನಿಟ್ ಬಳಸುತ್ತದೆ ಎಂದುಕೊಳ್ಳಿ. ಭಾರತದ ಗ್ರಿಡ್‌ನಲ್ಲಿ ಒಂದು ಯೂನಿಟ್ ಹಿಂದೆ ಸರಾಸರಿ 0.7 ಕೆ.ಜಿ. ಇಂಗಾಲ ಇದೆ, ಅಂದರೆ ಕಿಲೋಮೀಟರಿಗೆ 105 ಗ್ರಾಂ. ತೈಲಬಾವಿಯಿಂದ ಬಂಕ್‌ವರೆಗಿನ ಖರ್ಚನ್ನು ಪೆಟ್ರೋಲ್‌ಗೂ, ತಂತಿಯಲ್ಲಿ ಸೋರುವ ನಷ್ಟವನ್ನು ವಿದ್ಯುತ್ತಿಗೂ ಸೇರಿಸಿದರೆ ಎಲ್ಲ ಅಂಕಿಗಳೂ ಏರುತ್ತವೆ, ಸಾಲು ಬದಲಾಗುವುದಿಲ್ಲ. ಇದರ ಮೇಲೆ ವಿದ್ಯುತ್ ಕಾರು ಷೋರೂಮಿಗೆ ಬರುವಾಗಲೇ ಬ್ಯಾಟರಿ ತಯಾರಿಕೆಯ ಮೂರು ಟನ್ ಆಸುಪಾಸಿನ ಇಂಗಾಲವನ್ನು ಹೊತ್ತು ತಂದಿರುತ್ತದೆ.

ಅಂದರೆ ಇವತ್ತಿನ ಮಟ್ಟಿಗೆ ಹೈಬ್ರಿಡ್ ಮತ್ತು ವಿದ್ಯುತ್ ಕಾರಿನ ನಡುವಿನ ಅಂತರ ಜಾಹೀರಾತು ಹೇಳುವಷ್ಟು ದೊಡ್ಡದಲ್ಲ. ಇಲ್ಲಿಯವರೆಗೆ ಟೊಯೊಟಾದ ಮಾತಿಗೆ ಬಲವಿದೆ. ಬಲವಿಲ್ಲದಿರುವುದು ಮುಂದಿನ ಭಾಗಕ್ಕೆ. ಕಾರು ಹದಿನೈದು ವರ್ಷ ಓಡುತ್ತದೆ. ಹೈಬ್ರಿಡ್‌ನ 115 ಗ್ರಾಂ ಕೊನೆಯ ದಿನದವರೆಗೂ 115 ಗ್ರಾಂ. ವಿದ್ಯುತ್ ಕಾರಿನ 105 ಮಾತ್ರ ಗ್ರಿಡ್‌ಗೆ ಗಾಳಿ, ಬಿಸಿಲು ಸೇರಿದಂತೆಲ್ಲ ತಾನೇ ಇಳಿಯುತ್ತ ಹೋಗುತ್ತದೆ, ಕಾರು ಬದಲಿಸಬೇಕಾಗಿಲ್ಲ.

'ನಮ್ಮದು ಶರಾವತಿ ಕರೆಂಟು, ನಮ್ಮಲ್ಲಿ ಕಾರು ಚಾರ್ಜ್ ಮಾಡಿದರೆ ಹೊಗೆಯೇ ಇಲ್ಲ' ಎಂಬ ಮಾತು ಸಾಗರದ ಕಡೆ ಹುಟ್ಟುವುದು ಸಹಜ. ತಂತಿಗೆ ಊರಭಿಮಾನ ಇಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ಗೆ ಸೇರಿದ ಮೇಲೆ ಎಲ್ಲವೂ ಒಂದೇ ಕೊಳ. ಜಲವಿದ್ಯುತ್ತನ್ನು ಹೇಗೂ ಪೂರ್ತಿ ಬಳಸಿಕೊಳ್ಳಲಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಹೊಸದಾಗಿ ಒಂದು ಕಾರನ್ನು ಚಾರ್ಜಿಗೆ ಹಾಕಿದರೆ ಹೆಚ್ಚುವರಿಯಾಗಿ ಉರಿಯುವುದು ಬಹುತೇಕ ಕಲ್ಲಿದ್ದಲು.

ಆಗುಂಬೆ ಘಾಟಿ ಇಳಿಯುವಾಗ

ಹೈಬ್ರಿಡ್ ಮತ್ತು ವಿದ್ಯುತ್ ಕಾರಿನ ವ್ಯತ್ಯಾಸ ಸಮತಟ್ಟಾದ ರಸ್ತೆಗಿಂತ ಘಾಟಿಯಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಎರಡೂ ಬ್ರೇಕ್ ಹಾಕಿದಾಗ ಮೋಟಾರನ್ನು ಜನರೇಟರ್ ಮಾಡಿಕೊಂಡು ಬ್ಯಾಟರಿ ತುಂಬಿಸಿಕೊಳ್ಳುತ್ತವೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವುಗಳಲ್ಲಿ ಸುಮಾರು 500 ಮೀಟರ್ ಇಳಿತ. 1,800 ಕೆ.ಜಿ. ತೂಕದ ಕಾರು ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಎರಡೂವರೆ ಯೂನಿಟ್. ಹೈಕ್ರಾಸ್‌ನಂಥ ಹೈಬ್ರಿಡ್‌ನ ಬ್ಯಾಟರಿಯ ಇಡೀ ಸಾಮರ್ಥ್ಯವೇ ಎರಡು ಯೂನಿಟ್‌ಗಿಂತ ಕಡಿಮೆ. ಅದರಲ್ಲೂ ಬಳಸಲು ಬಿಡುವುದು ಒಂದು ಭಾಗ ಮಾತ್ರ. ಹಾಗಾಗಿ ಅರ್ಧ ಘಾಟಿ ಇಳಿಯುವುದರೊಳಗೆ ಬ್ಯಾಟರಿ ಭರ್ತಿ. ಉಳಿದ ತಿರುವುಗಳಲ್ಲಿ ಎಂಜಿನ್ ಗರ್ರೆನ್ನುತ್ತ ಕಾರನ್ನು ಹಿಡಿಯುತ್ತದೆ, ಶಕ್ತಿ ಶಾಖವಾಗಿ ಹೋಗುತ್ತದೆ. ನಲವತ್ತು ಯೂನಿಟ್ ಬ್ಯಾಟರಿಯ ವಿದ್ಯುತ್ ಕಾರಿಗೆ ಈ ತೊಂದರೆ ಇಲ್ಲ, ಆಗುಂಬೆಯಲ್ಲೇ ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿಯುವ ಜಾಣತನ ತೋರಿಸದಿದ್ದರೆ.

ಇನ್ನೊಂದು ಮಗ್ಗುಲೂ ಇದೆ. ತೀರ್ಥಹಳ್ಳಿ, ಹೊಸನಗರದ ಒಂಟಿ ಮನೆಗಳಲ್ಲಿ ಆಷಾಢದ ಗಾಳಿಗೆ ಮರ ಬಿದ್ದರೆ ಕರೆಂಟು ದಿನಗಟ್ಟಲೆ ಬರುವುದಿಲ್ಲ. ಅಂಥ ಮನೆಗೆ ಒಂದೇ ಕಾರು, ಅದೂ ವಿದ್ಯುತ್ ಕಾರು ಎನ್ನುವುದು ಧೈರ್ಯದ ಕೆಲಸ. ಆಸ್ಪತ್ರೆಗೆ ಹೋಗಬೇಕಾದ ರಾತ್ರಿ ಗ್ರಾಂ ಲೆಕ್ಕ ಯಾರಿಗೂ ಬೇಕಿಲ್ಲ. ಶಿವಮೊಗ್ಗ ಪೇಟೆಯೊಳಗೆ ಓಡಾಡುವವರಿಗೆ ಈ ಭಯ ಅನ್ವಯಿಸುವುದಿಲ್ಲ.

ಟ್ಯಾಂಕಿನಲ್ಲಿ 21 ಕೆ.ಜಿ. ಮೆಕ್ಕೆಜೋಳ

ಟೊಯೊಟಾ 2023ರ ಆಗಸ್ಟ್‌ನಲ್ಲಿ ಎಥನಾಲ್‌ನಲ್ಲೂ ಓಡುವ ಇನ್ನೋವಾ ಹೈಕ್ರಾಸ್ ಮಾದರಿಯನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರಿಂದ ಅನಾವರಣಗೊಳಿಸಿತು. ಗಿಡ ಹೀರಿದ ಇಂಗಾಲವೇ ಕಾರಿನಿಂದ ಹೊರಬರುತ್ತದೆ, ಆದ್ದರಿಂದ ಲೆಕ್ಕ ಸಮ ಎಂಬುದು ಎಥನಾಲ್ ಪರ ವಾದದ ತಿರುಳು. ತೈಲ ಆಮದು ತಗ್ಗುತ್ತದೆ, ರೈತನಿಗೆ ಹಣ ಸಿಗುತ್ತದೆ ಎಂಬುದು ಅದರ ಜೊತೆಗಿನ ಮಾತು. ಶೇ 20ರ ಮಿಶ್ರಣ ಮೊದಲು 2030ಕ್ಕೆ ಎಂದಿತ್ತು. 2025ರಲ್ಲೇ ದೇಶ ಅಲ್ಲಿಗೆ ತಲುಪಿತು.

ಮೈಲೇಜ್ ಬೀಳುವುದು ಭ್ರಮೆಯಲ್ಲ. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲಿನಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6–7, ದ್ವಿಚಕ್ರ ವಾಹನಗಳಲ್ಲಿ ಶೇ 3–4ರಷ್ಟು ದಕ್ಷತೆ ಇಳಿಯಬಹುದು ಎಂದಿತ್ತು. ಇಳಿದ ಮೈಲೇಜಿಗೆ ತಕ್ಕಂತೆ ಬಂಕ್‌ನಲ್ಲಿ ಬೆಲೆ ಇಳಿಯಲಿಲ್ಲ. ಜನರ ಸಿಟ್ಟಿನ ಮೂಲ ಅದು. ಎಥನಾಲ್ ತೇವ ಹೀರುತ್ತದೆ ಎಂಬ ಕಾರಣಕ್ಕೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಹಳೆಯ ಬೈಕುಗಳ ರಬ್ಬರ್ ಭಾಗಗಳ ಮೇಲೂ ಒಂದು ಕಣ್ಣಿರಬೇಕು.

ಆದರೆ ಅರೆಮಲೆನಾಡಿಗೆ ಮುಖ್ಯವಾದದ್ದು ಮೈಲೇಜಲ್ಲ. ಒಂದು ಲೀಟರ್ ಎಥನಾಲ್‌ಗೆ ಸುಮಾರು 2.6 ಕೆ.ಜಿ. ಮೆಕ್ಕೆಜೋಳ ಬೇಕು. 40 ಲೀಟರ್ ಟ್ಯಾಂಕ್ ತುಂಬಿಸಿದಾಗ ಒಳಗೆ 8 ಲೀಟರ್ ಎಥನಾಲ್. ಪೂರ್ತಿ ಮೆಕ್ಕೆಜೋಳದ್ದೇ ಆದರೆ ಅದು 21 ಕೆ.ಜಿ. ಕಾಳು. ಶಿಕಾರಿಪುರ, ಸೊರಬದ ಮೆಕ್ಕೆಜೋಳದ ರೈತರು ಈ ಲೆಕ್ಕದಲ್ಲಿ ಗೆಲ್ಲಬೇಕಿತ್ತು. ಗೆಲ್ಲಲಿಲ್ಲವೇಕೆ? 2025–26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ಬೆಲೆಗೆ ಕೊಂಡರೆ ಒಂದು ಲೀಟರ್ ಎಥನಾಲ್‌ನ ಕಚ್ಚಾವಸ್ತುವಿಗೇ 62–63 ರೂಪಾಯಿ ಹೋಗುತ್ತದೆ. ತೈಲ ಕಂಪನಿಗಳು ಮೆಕ್ಕೆಜೋಳದ ಎಥನಾಲ್‌ಗೆ ಕೊಡುವ ದರ 71.86 ರೂಪಾಯಿ. ಉಳಿಯುವ ಒಂಬತ್ತು ರೂಪಾಯಿ ಮತ್ತು ಎಥನಾಲ್ ತೆಗೆದ ಮೇಲೆ ಸಿಗುವ ಹಿಂಡಿಯ ಆದಾಯದಲ್ಲಿ ಡಿಸ್ಟಿಲರಿ ಕಲ್ಲಿದ್ದಲು, ಕೂಲಿ, ಸಾಲದ ಬಡ್ಡಿ ಎಲ್ಲ ನಿಭಾಯಿಸಬೇಕು. ಸಹಜವಾಗಿ ಅದು ಬೆಲೆ ಬಿದ್ದಾಗ ಕೊಳ್ಳಲು ನೋಡುತ್ತದೆ. ಎಥನಾಲ್ ಖರೀದಿ ಪ್ರಮಾಣವನ್ನು ಕೇಂದ್ರ ನಿಗದಿ ಮಾಡುತ್ತದೆ, ಬೆಲೆ ಕುಸಿತದ ಬಿಸಿ ಎಪಿಎಂಸಿ ಅಂಗಳದಲ್ಲಿ ತಟ್ಟುತ್ತದೆ. ಫಸಲು ಹೆಚ್ಚಾದ ವರ್ಷ ಬೇಡಿಕೆಗೆ ಒಂದು ಮಿತಿ ಇರುವುದು ಆಗ ಗೊತ್ತಾಗುತ್ತದೆ. ಮೆಕ್ಕೆಜೋಳಕ್ಕೆ ಸುರಿದ ಯೂರಿಯಾದ ಇಂಗಾಲವನ್ನು 'ಲೆಕ್ಕ ಸಮ' ಎನ್ನುವವರು ಸೇರಿಸಿಕೊಂಡಿರುವುದಿಲ್ಲ.

ತಲಕಳಲೆಯಿಂದ ಗೇರುಸೊಪ್ಪೆಗೆ

ಈಗ ವಿದ್ಯುತ್ತಿನ ಮಗ್ಗುಲು. ಕರ್ನಾಟಕದಲ್ಲಿ ಹಗಲು ಪಾವಗಡದಂಥ ಸೌರ ಪಾರ್ಕುಗಳಿಂದ ವಿದ್ಯುತ್ ಹರಿದು ಬರುತ್ತದೆ. ಸೂರ್ಯ ಮುಳುಗಿದ ಮೇಲೆ ಬೇಡಿಕೆ ಏರುತ್ತದೆ, ಉತ್ಪಾದನೆ ಬೀಳುತ್ತದೆ. ಈ ಕಂದಕ ತುಂಬಲು ಕರ್ನಾಟಕ ವಿದ್ಯುತ್ ನಿಗಮ ಮುಂದಿಟ್ಟಿರುವುದೇ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್. ಹಗಲಿನ ಹೆಚ್ಚುವರಿ ವಿದ್ಯುತ್ ಬಳಸಿ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಸಂಜೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದರಿಂದ ಎಂಬತ್ತು ಮರಳಿ ಬರುತ್ತದೆ. ಇದು ವಿದ್ಯುತ್ ಹುಟ್ಟಿಸುವ ಯೋಜನೆಯಲ್ಲ, ಹೊತ್ತು ಬದಲಿಸುವ ಯೋಜನೆ.

ಎರಡೂ ಜಲಾಶಯ ಈಗಾಗಲೇ ಇವೆ, ಹೊಸ ಮುಳುಗಡೆ ಇಲ್ಲ, ಸೌರವಿದ್ಯುತ್ ವ್ಯರ್ಥವಾಗುವುದು ತಪ್ಪುತ್ತದೆ ಎನ್ನುವುದು ಪರ ವಾದ. ಆ ಎರಡು ಜಲಾಶಯಗಳ ನಡುವೆ ಇರುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ, ಸುರಂಗ ಕೊರೆದು ರಸ್ತೆ ಮಾಡಿದರೆ ಕುಸಿಯುವ ಘಟ್ಟ, ಕಡಿದರೆ ಮತ್ತೆ ಬೆಳೆಯದ ಮಳೆಕಾಡು ಎನ್ನುವುದು ವಿರೋಧ. ವಿರೋಧಕ್ಕೆ ಹಳೆಯ ಗಾಯದ ನೆನಪೂ ಸೇರಿದೆ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಎದ್ದುಹೋದ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ನಾಡಿಗೆ ಬೆಳಕು ಕೊಟ್ಟ ಹಿನ್ನೀರಿನ ಆಚೆ ಉಳಿದ ತುಮರಿ ಸೀಮೆಯವರು ಲಾಂಚ್ ಕಾದು ಆರು ದಶಕ ಕಳೆದರು. ಅವರಿಗೆ ಸೇತುವೆ ಸಿಕ್ಕಿದ್ದು 2025ರ ಜುಲೈ 14ರಂದು.

ಈ ಯೋಜನೆಗೆ ವಿದ್ಯುತ್ ಕಾರೇ ಕಾರಣ ಎಂದರೆ ಅನ್ಯಾಯವಾದೀತು. ಸಂಜೆಯ ಬೇಡಿಕೆಯ ಬಹುಪಾಲು ಮನೆ, ಅಂಗಡಿ, ಏಸಿಗಳದ್ದು. ಆದರೆ ಕಾರು, ಸ್ಕೂಟರ್, ಬಸ್ಸುಗಳೆಲ್ಲ ಬ್ಯಾಟರಿಗೆ ತಿರುಗಿ, ಮಾಲೀಕರೆಲ್ಲ ಕೆಲಸ ಮುಗಿಸಿ ಬಂದು ಸಂಜೆ ಏಳಕ್ಕೆ ಪ್ಲಗ್ ಸಿಕ್ಕಿಸಿದರೆ ಆ ಕಂದಕ ಇನ್ನಷ್ಟು ಆಳವಾಗುತ್ತದೆ, ಇಂಥ ಯೋಜನೆಗಳ ಪರ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಯಾವ ಕಾರು ಕಂಪನಿಯ ಪರಿಸರ ವರದಿಯ ಬೇಲಿಯೂ ತಲಕಳಲೆಯವರೆಗೆ ಬರುವುದಿಲ್ಲ.

ಭದ್ರಾವತಿಯ ಕಬ್ಬಿಣ, ಮಾಚೇನಹಳ್ಳಿಯ ಎರಕ

ಹೈಬ್ರಿಡ್ ಆಗಲಿ, ಬ್ಯಾಟರಿಯದಾಗಲಿ, ಕಾರಿನ ತೂಕದ ಅರ್ಧಕ್ಕಿಂತ ಹೆಚ್ಚು ಉಕ್ಕು. ಕಲ್ಲಿದ್ದಲಿನ ಊದುಕುಲುಮೆಯಲ್ಲಿ ಒಂದು ಟನ್ ಉಕ್ಕಿಗೆ ಎರಡು ಟನ್‌ಗಿಂತ ಹೆಚ್ಚು ಇಂಗಾಲ ಹೊರಬರುತ್ತದೆ. ಕಲ್ಲಿದ್ದಲಿಲ್ಲದ ಉಕ್ಕು ಇಂದು ಜಗತ್ತಿನ ಕಾರು ಕಂಪನಿಗಳ ಕನಸು. ಭದ್ರಾವತಿ ನೂರು ವರ್ಷ ಹಿಂದೆಯೇ ಕಲ್ಲಿದ್ದಲಿಲ್ಲದೆ ಕಬ್ಬಿಣವನ್ನು ಬೇರೆ ರೀತಿಯಲ್ಲಿ ಮಾಡಿತ್ತು: 1923ರಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸುತ್ತಿತ್ತು. ಅದು ಕಲ್ಲಿದ್ದಲುಮುಕ್ತ ನಿಜ, ಸುತ್ತಲಿನ ಕಾಡು ಅದಕ್ಕೆ ತೆತ್ತ ಬೆಲೆಯನ್ನು ಯಾರೂ ಹಸಿರು ಎನ್ನಲಾರರು. ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ ಕುಲುಮೆಗಳು ಬಂದವು. ಗೇರು, ಆಕ್ಸಲ್‌ಗಳಿಗೆ ಬೇಕಾದ ವಿಶೇಷ ಉಕ್ಕು ಮಾಡುತ್ತಿದ್ದ ಈ ಕಾರ್ಖಾನೆಯನ್ನು ಮುಚ್ಚಲು ಕೇಂದ್ರದ ಉಕ್ಕು ಪ್ರಾಧಿಕಾರ (ಸೇಲ್) 2023ರ ಜನವರಿಯಲ್ಲಿ ನಿರ್ಧರಿಸಿತು. ಪುನಶ್ಚೇತನದ ಮಾತು 2024ರಿಂದ ಮತ್ತೆ ಕೇಳುತ್ತಿದೆ. ಉಕ್ಕು ಮತ್ತು ಬೃಹತ್ ಕೈಗಾರಿಕೆ ಎರಡೂ ಖಾತೆ ಒಬ್ಬರೇ ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಅವರ ಬಳಿ ಇದ್ದು, ವಿದ್ಯುತ್ ವಾಹನಗಳ ಪ್ರೋತ್ಸಾಹ ಯೋಜನೆಯೂ ಅವರದೇ ಸಚಿವಾಲಯದ್ದು. ಭದ್ರಾವತಿಯ ಉಕ್ಕನ್ನು ವಾಹನ ನೀತಿಯ ಜೊತೆಗಿಟ್ಟು ನೋಡಲು ಇದಕ್ಕಿಂತ ಅನುಕೂಲದ ಸಂದರ್ಭ ಕಷ್ಟ.

ಶಿವಮೊಗ್ಗ ಬಳಿಯ ಕೈಗಾರಿಕಾ ಪ್ರದೇಶ ಮಾಚೇನಹಳ್ಳಿಯ ಚಿಂತೆ ಬೇರೆ. ಶಿವಮೊಗ್ಗದ ಫೌಂಡ್ರಿಗಳು, ಅಂದರೆ ಎರಕದ ಕಾರ್ಖಾನೆಗಳು, ಬದುಕಿರುವುದು ಸಿಲಿಂಡರ್ ಲೈನರ್‌ನಂಥ ಎಂಜಿನ್ ಭಾಗಗಳ ಮೇಲೆ. ವಿದ್ಯುತ್ ಕಾರಿಗೆ ಸಿಲಿಂಡರೇ ಇಲ್ಲ. ಹೈಬ್ರಿಡ್‌ನಲ್ಲಿ ಎಂಜಿನ್ ಉಳಿಯುತ್ತದೆ, ಎರಕದ ಕೆಲಸವೂ ಉಳಿಯುತ್ತದೆ. 'ಹಲವು ದಾರಿ' ಎಂಬ ಟೊಯೊಟಾದ ಮಾತಿಗೆ ಬಿಡಿಭಾಗ ಉದ್ಯಮದಲ್ಲಿ ಬೆಂಬಲ ಇರುವುದು ಈ ಕಾರಣಕ್ಕೆ. ಟ್ರ್ಯಾಕ್ಟರ್, ಟ್ರಕ್‌ಗಳ ಎಂಜಿನ್ ಇನ್ನೂ ಹಲವು ವರ್ಷ ಇರುತ್ತದೆಯಾದ್ದರಿಂದ ನಾಳೆಯೇ ಕುಲುಮೆ ಆರುವುದಿಲ್ಲ. ಆದರೆ ಬ್ರೇಕ್, ಸಸ್ಪೆನ್ಷನ್, ಮೋಟಾರ್ ಕವಚಗಳ ಎರಕಕ್ಕೆ ಹೊರಳಲು ಬೇಕಾದ ಸಮಯವನ್ನು ಹೈಬ್ರಿಡ್ ಕೊಡುತ್ತದೆ ಅಷ್ಟೇ.

ಹಗಲು ಚಾರ್ಜ್ ಮಾಡಿದರೆ

ಇಷ್ಟೆಲ್ಲದರ ನಡುವೆ ಅಗ್ಗದ ಒಂದು ದಾರಿ ಕಡೆಗಣನೆಗೆ ಒಳಗಾಗಿದೆ. ಸೌರವಿದ್ಯುತ್ ಹೆಚ್ಚಿರುವ ಹಗಲಿನಲ್ಲೇ ಕಾರು ಚಾರ್ಜ್ ಆದರೆ ಅದಕ್ಕಾಗಿ ನೀರು ಎತ್ತಿ ಇಳಿಸುವ ಅಗತ್ಯ ಇಲ್ಲ; ಕಾರಿನ ಬ್ಯಾಟರಿಯೇ ಶೇಖರಣೆ. 105 ಗ್ರಾಂ ಎಂಬ ಅಂಕಿಯೂ ತಳಕ್ಕಿಳಿಯುತ್ತದೆ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದು, ಹಗಲಿನ ಸೌರ ಅವಧಿಗೆ ಶೇ 10–20 ಕಡಿಮೆ, ಸಂಜೆಯ ಹೆಚ್ಚು ಬೇಡಿಕೆಯ ಅವಧಿಗೆ ಶೇ 10–20 ಹೆಚ್ಚು ದರ ವಿಧಿಸಲು ದಾರಿ ಮಾಡಿದೆ. ಇದು ನಡೆಯಬೇಕಾದರೆ ಯಾವ ಹೊತ್ತಿಗೆ ಎಷ್ಟು ಬಳಕೆಯಾಯಿತು ಎಂದು ದಾಖಲಿಸುವ ಸ್ಮಾರ್ಟ್ ಮೀಟರ್ ಬೇಕು.

ಹಗಲು ಹೊತ್ತು ಕಾರುಗಳು ಮನೆಯಲ್ಲಿರುವುದಿಲ್ಲ. ಶಿವಮೊಗ್ಗದಲ್ಲಿ ಅವು ನಿಲ್ಲುವುದು ಜಿಲ್ಲಾಧಿಕಾರಿ ಕಚೇರಿ, ಮೆಗ್ಗಾನ್ ಆಸ್ಪತ್ರೆ, ಶಂಕರಘಟ್ಟದ ವಿಶ್ವವಿದ್ಯಾಲಯ, ಮಾಚೇನಹಳ್ಳಿಯ ಕಾರ್ಖಾನೆಗಳ ಅಂಗಳದಲ್ಲಿ. ಅಲ್ಲಿ ದುಬಾರಿ ವೇಗದ ಚಾರ್ಜರ್ ಬೇಕಿಲ್ಲ. ಮೂರು ಕಿಲೋವಾಟ್‌ನ ಸಾಧಾರಣ ಪ್ಲಗ್ ಏಳು ಗಂಟೆಯಲ್ಲಿ ಇಪ್ಪತ್ತು ಯೂನಿಟ್ ತುಂಬಿಸುತ್ತದೆ, 130 ಕಿ.ಮೀ. ಓಡಲು ಸಾಕು. ತೀರ್ಥಹಳ್ಳಿಗೆ ಹೋಗಿ ಬಂದರೂ ಉಳಿಯುತ್ತದೆ. ಕಾರು ಕಂಪನಿಗಳು ಕಾರಿನ ಜೊತೆ ಮನೆಗೆ ಚಾರ್ಜರ್ ಕೊಡುವ ರೂಢಿ ಹಾಕಿಕೊಂಡಿವೆ, ಅಂದರೆ ಸಂಜೆಯ ಪ್ಲಗ್ಗನ್ನೇ ಪ್ರೋತ್ಸಾಹಿಸುತ್ತಿವೆ. ಅದೇ ಹಣವನ್ನು ಕೆಲಸದ ಜಾಗದ ಪ್ಲಗ್ಗಿಗೆ ಹಾಕಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. 2027ರ ನಿಯಮದಲ್ಲಿ ಒಂದು ಕಾರನ್ನು ಮೂರಾಗಿ ಎಣಿಸುವ ರಿಯಾಯಿತಿಗೆ ಈ ಷರತ್ತನ್ನು ಜೋಡಿಸಲು ಇಂಧನ ಸಚಿವಾಲಯಕ್ಕೂ ಅಡ್ಡಿಯಿಲ್ಲ.